ಚಹದ ಬೆಟ್ಟದಲ್ಲಿ ಒಂದು ಶಾಲೆ, ಒಂದು ಮನೆ

ಸಿಂಹಳ ದ್ವೀಪಕ್ಕೆ ಪ್ರವಾಸ ಹೋಗುವ ನಮ್ಮವರು ಸಾಮಾನ್ಯವಾಗಿ ಕೊಲಂಬೋವಿನ ಕಡಲತೀರ, ಅನುರಾಧಪುರದ ಸ್ತೂಪಗಳು, ಕ್ಯಾಂಡಿಯ ದಂತಮಂದಿರ ಇವಿಷ್ಟನ್ನು ನೋಡಿ, ನುವಾರ ಎಲಿಯದ ಚಳಿಯಲ್ಲಿ ಒಂದು ರಾತ್ರಿ ಕಳೆದು ಹಿಂತಿರುಗುತ್ತಾರೆ. ಕ್ಯಾಂಡಿಗೂ ನುವಾರ ಎಲಿಯಕ್ಕೂ ನಡುವೆ, ಸಮುದ್ರಮಟ್ಟದಿಂದ ನಾಲ್ಕು ಸಾವಿರ ಅಡಿಗೂ ಎತ್ತರದಲ್ಲಿ, ಹ್ಯಾಟನ್ ಎಂಬ ಪೇಟೆಯೊಂದಿದೆ. ಯಾತ್ರಿಕರಿಗೆ ಅದು ಶ್ರೀಪಾದ ಶಿಖರಕ್ಕೆ ಹೋಗಲು ಇಳಿಯಬೇಕಾದ ನಿಲ್ದಾಣ. ಶಿಖರದ ತುದಿಯಲ್ಲಿರುವ ಪಾದದ ಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸಲ್ಮಾನರಿಗೆ ಆದಮನದು. ಯಾತ್ರೆಯ ಕಾಲ ಮುಗಿದ ಮೇಲೆ ಹ್ಯಾಟನ್‌ನಲ್ಲಿ ಇಳಿಯುವ ಪರದೇಶಿಗಳು ಕಡಿಮೆ.

2024ರ ಮೇ ತಿಂಗಳ ಕೊನೆಯ ವಾರದಲ್ಲಿ ನಾನು ಅಲ್ಲಿ ಇಳಿದೆ. ವೈಶಾಖ ಪೂರ್ಣಿಮೆ ಕಳೆದು ಕೆಲವೇ ದಿನಗಳಾಗಿದ್ದವು. ಕ್ಯಾಂಡಿಯ ಬೀದಿಗಳಲ್ಲಿ ಬಣ್ಣದ ಕಾಗದದ ದೀಪಗಳು ಇನ್ನೂ ತೂಗುತ್ತಿದ್ದವು. ಸಿಂಹಳಿಯರು ಅವನ್ನು ‘ವೆಸಕ್ ಕೂಡು’ ಎನ್ನುತ್ತಾರೆ; ನೋಡಿದರೆ ನಮ್ಮ ದೀಪಾವಳಿಯ ಗೂಡುದೀಪವೇ. ನಾವಲಪಿಟಿಯ ದಾಟಿದ ಮೇಲೆ ರೈಲು ಬೆಟ್ಟವನ್ನು ಬಳಸಿ ಬಳಸಿ ಏರುತ್ತದೆ. ತೆಂಗು, ಅಡಕೆ, ಹಲಸುಗಳು ಒಂದೊಂದಾಗಿ ಹಿಂದೆ ಉಳಿಯುತ್ತವೆ. ಮುಂದೆ ಕಣ್ಣು ಹಾಯುವವರೆಗೂ ಸೊಂಟದೆತ್ತರಕ್ಕೆ ಕತ್ತರಿಸಿ ನಿಲ್ಲಿಸಿದ ಚಹದ ಗಿಡಗಳು. ನಡುನಡುವೆ ತಗಡಿನ ಮಾಡಿನ ಉದ್ದನೆಯ ಸಾಲುಮನೆಗಳು. ಜೊತೆಯಲ್ಲಿದ್ದ ಗೆಳೆಯರಿಬ್ಬರು ನುವಾರ ಎಲಿಯದ ಕಡೆಗೆ ಮುಂದುವರಿದರು. ನನಗೆ ಹ್ಯಾಟನ್‌ನಲ್ಲಿ ಕೆಲಸವಿತ್ತು. ಕೈಚೀಲದಲ್ಲಿದ್ದ ಎರಡು ಕಟ್ಟು ಹಲಸಿನ ಹಪ್ಪಳವನ್ನು ಅಲ್ಲಿಯ ಶಾಲೆಯೊಂದರ ಶಿಕ್ಷಕಿಗೆ ತಲುಪಿಸಬೇಕಾಗಿತ್ತು.

ಸುಳ್ಯದಿಂದ ಹ್ಯಾಟನ್‌ಗೆ

ಹಪ್ಪಳ ಕೊಟ್ಟವರು ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜಿ. ನಾನು ಕನ್ನಡ ಪಾಠ ಹೇಳುವುದು ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯದ ಕಡೆಯಲ್ಲಿ. ಸುಳ್ಯ, ಪುತ್ತೂರು ತಾಲೂಕುಗಳಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ಬೆಳಕು ಹರಿಯುವ ಮೊದಲೇ ಎದ್ದು ಅಲ್ಲಿ ಟ್ಯಾಪಿಂಗ್ ಕೆಲಸಕ್ಕೆ ಹೊರಡುವವರಲ್ಲಿ ಬಹುಮಂದಿ ತಮಿಳರು. ಅವರು ತಮಿಳುನಾಡಿನಿಂದ ಕೆಲಸ ಹುಡುಕಿಕೊಂಡು ಬಂದವರೆಂದು ಹೊಸಬರು ತಿಳಿಯುವುದುಂಟು. ಹಾಗಲ್ಲ, ಅವರು ಸಿಲೋನಿನಿಂದ ಬಂದವರು.

ಅವರ ಕಥೆ ದೊಡ್ಡದು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಸಿಂಹಳದ ಬೆಟ್ಟಗಳಲ್ಲಿ ಮೊದಲು ಕಾಫಿಯನ್ನು ಬೆಳೆದರು. ಎಲೆತುಕ್ಕು ರೋಗ ಬಂದು ಕಾಫಿ ನಾಶವಾದ ಮೇಲೆ ಚಹವನ್ನು ಹಿಡಿದರು. ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು 1867ರಲ್ಲೇ ಚಹದ ಬೇಸಾಯಕ್ಕೆ ದಾರಿ ತೋರಿಸಿದ್ದ. ದುಡಿಯುವ ಕೈಗಳು ಮಾತ್ರ ಮದ್ರಾಸು ಪ್ರಾಂತದ ಬಡ ಹಳ್ಳಿಗಳವು. ಮನ್ನಾರಿನ ತೀರದಲ್ಲಿ ಇಳಿದು, ಕಾಡುದಾರಿ ಹಿಡಿದು, ಮಾತಳೆಯವರೆಗೆ ಅವರು ನಡೆದೇ ಬಂದರು. ದಾರಿಯಲ್ಲೇ ರೋಗಕ್ಕೂ ಹಸಿವಿಗೂ ಬಲಿಯಾದವರು ಅನೇಕರು. 1823ರಿಂದ ಎಣಿಸಿ, ಇನ್ನೂರು ವರ್ಷ ತುಂಬಿದ ನೆನಪಿಗೆ 2023ರಲ್ಲಿ ಅವರ ಸಂತತಿಯವರು ತಲೈಮನ್ನಾರಿನಿಂದ ಮಾತಳೆಗೆ ಮತ್ತೊಮ್ಮೆ ಕಾಲ್ನಡಿಗೆಯಲ್ಲಿ ಬಂದರು.

1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷದ ಪೌರತ್ವ ಕಾಯಿದೆಯಿಂದ ಈ ತೋಟದ ಜನ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ ಒಂದು ಒಪ್ಪಂದಕ್ಕೆ ಬಂದರು. ಅದರಂತೆ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ 1,50,000 ಮಂದಿಯನ್ನು 1974ರಲ್ಲಿ ಎರಡು ದೇಶಗಳೂ ಸಮನಾಗಿ ಹಂಚಿಕೊಂಡವು. ಲೆಕ್ಕವನ್ನು ದೆಹಲಿಯಲ್ಲಿ ಮಾಡಿದರು; ಪಾಲಾದದ್ದು ಮನೆಗಳು. ಹಾಗೆ ಭಾರತದ ಪಾಲಿಗೆ ಬಂದ ಕೆಲವು ಕುಟುಂಬಗಳಿಗೆ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ಕೆಲಸವೂ ವಸತಿಯೂ ದೊರೆತವು.

ಅಜ್ಜಿಯ ಗಂಡ ಭಾರತಕ್ಕೆ ಅರ್ಜಿ ಹಾಕಿದ್ದರು. ಅಜ್ಜಿಗಿಂತ ಆರು ವರ್ಷ ಕಿರಿಯಳಾದ ತಂಗಿ ಮದುವೆಯಾಗಿ ಸೇರಿದ ಮನೆಯವರು ಅಲ್ಲಿಯೇ ಇರುವೆವೆಂದು ಬರೆದುಕೊಟ್ಟಿದ್ದರು. 1976ರಲ್ಲಿ ಹ್ಯಾಟನ್ ನಿಲ್ದಾಣದಲ್ಲಿ ಅಕ್ಕ ಗಾಡಿ ಹತ್ತಿದರು, ತಂಗಿ ಕೆಳಗೆ ನಿಂತರು. ಬೆಟ್ಟದ ತಮಿಳರು ರೈಲನ್ನು ‘ಕೋಚ್ಚಿ’ ಎನ್ನುತ್ತಾರೆ. ಹಡಗುಕಟ್ಟೆಗೆ ಜನರನ್ನು ಒಯ್ಯುತ್ತಿದ್ದ ಆ ಗಾಡಿಗೆ ‘ಒಪ್ಪಾರಿ ಕೋಚ್ಚಿ’ ಎಂದೇ ಹೆಸರು ಬಿತ್ತು. ಒಪ್ಪಾರಿ ಎಂದರೆ ಸತ್ತವರನ್ನು ನೆನೆದು ಹೆಂಗಸರು ಹಾಡಿಕೊಂಡು ಅಳುವ ಹಾಡು. ಅಂದು ಬೇರೆಯಾದ ಅಕ್ಕತಂಗಿಯರು ಮತ್ತೆ ಒಬ್ಬರ ಕೈಯನ್ನೊಬ್ಬರು ಹಿಡಿದಿಲ್ಲ. ನಾನು ಕಾಣಬೇಕಾಗಿದ್ದ ಶಿಕ್ಷಕಿ ಆ ತಂಗಿಯ ಮಗಳು.

ಏಳೂವರೆಯ ಗಂಟೆ

ಮರುದಿನ ಆರು ಗಂಟೆಗೆ ಹ್ಯಾಟನ್‌ನಲ್ಲಿ ಮಸ್ಕೇಲಿಯಾ ಬಸ್ಸನ್ನು ಹಿಡಿದೆ. ಡಿಕೋಯ, ನಾರ್ವುಡ್ ಪೇಟೆಗಳನ್ನು ಹಾದು ಹೋಗುವ ಆ ದಾರಿಯ ಅನೇಕ ತೋಟಗಳಿಗೆ ಸ್ಕಾಟ್ಲೆಂಡಿನ ಊರುಗಳ ಹೆಸರು. ತೋಟದ ಜನ ಮಾತ್ರ ಅವಕ್ಕೆ ತಮ್ಮದೇ ತಮಿಳು ಹೆಸರುಗಳನ್ನಿಟ್ಟುಕೊಂಡಿದ್ದಾರೆ. ದೊರೆಗಳ ನಕ್ಷೆ ಬೇರೆ, ಕೂಲಿಯವರ ನಕ್ಷೆ ಬೇರೆ.

ತಿರುವಿನಲ್ಲಿ ಟೀಚರ್ ಕಾದು ನಿಂತಿದ್ದರು. ನಲವತ್ತು ದಾಟಿದ ವಯಸ್ಸು. ನೀಲಿ ಸೀರೆ, ಕೈಯಲ್ಲಿ ಕೊಡೆ, ಹೆಗಲಲ್ಲಿ ಪುಸ್ತಕದ ಚೀಲ. ನಮ್ಮ ಕಾಲೇಜಿನ ಮಕ್ಕಳ ಸಹವಾಸದಿಂದ ನನಗೆ ತಮಿಳು ಮಾತು ಸಾಕಷ್ಟು ಬರುತ್ತದೆ. ಆದರೂ ಅವರ ಮೊದಲ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು: “ನಮ್ಮ ಪೆರಿಯಮ್ಮ ನಿಮ್ಮೊಡನೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಸರ್?” ಅಜ್ಜಿ ನನ್ನೊಡನೆ ಕನ್ನಡ, ಅಂಗಡಿಯಲ್ಲಿ ತುಳು, ಮನೆಯಲ್ಲಿ ತಮಿಳು ಆಡುತ್ತಾರೆಂದು ಹೇಳಿದೆ. ಟೀಚರ್ ಸ್ವಲ್ಪ ಹೊತ್ತು ಸುಮ್ಮನೆ ನಡೆದು, “ಇಲ್ಲಿದ್ದಾಗ ಅವರಿಗೆ ಒಂದೇ ಭಾಷೆ ಬರುತ್ತಿತ್ತಂತೆ” ಎಂದರು.

ಅವರದು ಒಂದರಿಂದ ಹನ್ನೊಂದನೆಯ ತರಗತಿಯವರೆಗಿನ ಸರ್ಕಾರಿ ತಮಿಳು ವಿದ್ಯಾಲಯ. ಗುಡ್ಡವನ್ನು ಕಡಿದು ಮಾಡಿದ ಮಟ್ಟಸ ಜಾಗದಲ್ಲಿ ಎರಡು ಉದ್ದ ಕಟ್ಟಡಗಳು, ನಡುವೆ ಅಂಗಳ, ಅಂಗಳದ ಮೂಲೆಯಲ್ಲಿ ಸರಸ್ವತಿಯ ಪುಟ್ಟ ಗುಡಿ. ಫಲಕದಲ್ಲಿ ಸಿಂಹಳ, ತಮಿಳು, ಇಂಗ್ಲಿಷ್ ಮೂರು ಲಿಪಿಗಳು. ಮುಖ್ಯೋಪಾಧ್ಯಾಯರ ಅನುಮತಿಯನ್ನು ಟೀಚರ್ ಮೊದಲೇ ಪಡೆದಿದ್ದರು. ಏಳೂವರೆಗೆ ಗಂಟೆ ಬಾರಿಸಿತು. ಬಿಳಿಯ ಸಮವಸ್ತ್ರ ತೊಟ್ಟ ಮಕ್ಕಳು ಮಂಜಿನೊಳಗಿಂದ ಒಬ್ಬೊಬ್ಬರಾಗಿ ಇಳಿದು ಬಂದು ಸಾಲಾಗಿ ನಿಂತು ರಾಷ್ಟ್ರಗೀತೆಯನ್ನು ತಮಿಳಿನಲ್ಲಿ ಹಾಡಿದರು. ಆ ಗೀತೆಯನ್ನು ರಚಿಸಿದ ಆನಂದ ಸಮರಕೋನ್ ಶಾಂತಿನಿಕೇತನದಲ್ಲಿ ಕಲಿತವರು. ದೇಶದ ಸ್ವಾತಂತ್ರ್ಯ ದಿನದ ಸಮಾರಂಭದಲ್ಲಿ ಅದನ್ನು ತಮಿಳಿನಲ್ಲಿ ಹಾಡುವುದು ಅನೇಕ ದಶಕಗಳ ಬಳಿಕ 2016ರಲ್ಲಿ ಸಾಧ್ಯವಾಯಿತು.

ಸಿಲೋನಿನಲ್ಲಿ ಶಿಶುತರಗತಿಯಿಂದ ವಿಶ್ವವಿದ್ಯಾಲಯದವರೆಗೆ ಉಚಿತ ಶಿಕ್ಷಣವನ್ನು 1945ರಲ್ಲೇ ಜಾರಿಗೆ ತಂದವರು ಸಿ. ಡಬ್ಲ್ಯು. ಡಬ್ಲ್ಯು. ಕನ್ನಂಗರ. ನಮ್ಮ ದೇಶ ಆಗ ಇನ್ನೂ ಪರಾಧೀನವಾಗಿತ್ತು. ಆದರೆ ಆ ಭಾಗ್ಯ ತೋಟದ ಮಕ್ಕಳ ಬಾಗಿಲಿಗೆ ಬರಲು ಮತ್ತೂ ಮೂರು ದಶಕ ಹಿಡಿಯಿತು. ತೋಟದ ಶಾಲೆ ಎಂದರೆ ಒಂದು ಕೊಟ್ಟಿಗೆ, ಒಬ್ಬ ಮೇಷ್ಟ್ರು, ಹೆಚ್ಚೆಂದರೆ ಐದನೆಯ ತರಗತಿ. ಅನಂತರ ಬುಟ್ಟಿ ಬೆನ್ನಿಗೆ. 1970ರ ದಶಕದಲ್ಲಿ ತೋಟಗಳು ರಾಷ್ಟ್ರೀಕರಣಗೊಂಡ ಮೇಲೆ ಶಾಲೆಗಳು ಕ್ರಮವಾಗಿ ಸರ್ಕಾರದ ವಶಕ್ಕೆ ಬಂದವು. ಕೊಟಗಲದ ಬಳಿ ಪತ್ತನೆಯಲ್ಲಿ ಶ್ರೀಪಾದ ಶಿಕ್ಷಣ ಮಹಾವಿದ್ಯಾಲಯ ಹುಟ್ಟಿತು. ನಮ್ಮ ಟೀಚರ್ ಅಲ್ಲಿಯೇ ತರಬೇತಿ ಪಡೆದವರು. ಅವರ ತಾಯಿ ಓದಿದ್ದು ಮೂರನೆಯ ತರಗತಿಯವರೆಗೆ.

ಐದನೆಯ ತರಗತಿ ಅವರ ಪಾಲಿನದು. ಆ ದೇಶದಲ್ಲಿ ಐದನೆಯ ತರಗತಿಯ ವಿದ್ಯಾರ್ಥಿವೇತನ ಪರೀಕ್ಷೆಗೆ ಬಹಳ ಬೆಲೆ. ಅದರಲ್ಲಿ ಮೇಲಿನ ಅಂಕ ತೆಗೆದ ಮಗು ಪೇಟೆಯ ದೊಡ್ಡ ಶಾಲೆಗೆ ಹೋಗಬಹುದು, ಬಡವರಾದರೆ ಓದಲು ಹಣವೂ ಸಿಗುತ್ತದೆ. ತೋಟದ ಮಗುವಿಗೆ ಬೆಟ್ಟ ಇಳಿಯಲು ಇರುವ ಏಣಿ ಅದು.

ಅಂದು ಲೆಕ್ಕದ ಪಾಠ. ಟೀಚರ್ ಕರಿಹಲಗೆಯ ಮೇಲೆ ಬರೆದರು: ಒಬ್ಬ ತಾಯಿ ಬೆಳಿಗ್ಗೆ 7 ಕಿಲೋ, ಮಧ್ಯಾಹ್ನ 6 ಕಿಲೋ, ಸಂಜೆ 5 ಕಿಲೋ ಚಹದ ಚಿಗುರು ಕೀಳುತ್ತಾಳೆ. ಚೀಲದ ತೂಕವೆಂದು 2 ಕಿಲೋ ಕಳೆಯುತ್ತಾರೆ. ಅವಳ ಹೆಸರಿಗೆ ಬರೆಯುವುದೆಷ್ಟು? ಹದಿನಾರು ಎಂದು ತರಗತಿಯೇ ಕೂಗಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ ಎದ್ದು, “ಖಾಲಿ ಚೀಲ ಎರಡು ಕಿಲೋ ತೂಗುವುದಿಲ್ಲವಲ್ಲ ಟೀಚರ್?” ಎಂದ. ಟೀಚರ್ ನಗಲಿಲ್ಲ, ಗದರಲೂ ಇಲ್ಲ. “ಸರಿಯಾದ ಪ್ರಶ್ನೆ. ಆದರೆ ಅದನ್ನು ಕೇಳಬೇಕಾದರೆ ಮೊದಲು ಹದಿನೆಂಟರಲ್ಲಿ ಎರಡು ಕಳೆಯಲು ಬರಬೇಕು” ಎಂದು ಮುಂದಿನ ಲೆಕ್ಕಕ್ಕೆ ಹೋದರು. ಶಾಲೆ ಏತಕ್ಕೆ ಬೇಕೆಂಬ ಬಗ್ಗೆ ನಾನು ಅನೇಕ ಭಾಷಣಗಳನ್ನು ಕೇಳಿದ್ದೇನೆ. ಇಷ್ಟು ಚಿಕ್ಕದಾಗಿ, ಇಷ್ಟು ಪೂರ್ತಿಯಾಗಿ ಹೇಳಿದವರು ಕಡಿಮೆ.

ಬಳಿಕ ಮಕ್ಕಳು ನನ್ನ ಭಾಷೆಯನ್ನು ಬರೆದು ತೋರಿಸೆಂದರು. ಕನ್ನಡದಲ್ಲಿ ‘ಅಮ್ಮ’ ಎಂದು ಬರೆದೆ. “ಸರ್, ಇದು ಸಿಂಹಳ!” ಎಂದು ಮುಂದಿನ ಸಾಲು ಕೂಗಿಕೊಂಡಿತು. ಎರಡೂ ದುಂಡು ಲಿಪಿಗಳು, ಬ್ರಾಹ್ಮಿಯ ಸಂತಾನ. ಮಕ್ಕಳ ಕಣ್ಣು ತಪ್ಪಲಿಲ್ಲ. ಒಬ್ಬಳು ಎದ್ದು ಬಂದು ಕೆಳಗೆ ತಮಿಳಿನಲ್ಲಿ ಬರೆದಳು. ಇನ್ನೊಬ್ಬ ಅದರ ಕೆಳಗೆ ಸಿಂಹಳದಲ್ಲಿ ಬರೆದ. ಮೂರು ಲಿಪಿ, ಮೂರರಲ್ಲೂ ಅದೇ ಮಾತು. ಎರಡನೆಯ ಭಾಷೆಯಾಗಿ ಸಿಂಹಳವನ್ನು ಈ ಮಕ್ಕಳು ಕಲಿಯುತ್ತಾರೆ. ಇಪ್ಪತ್ತಾರು ವರ್ಷದ ಯುದ್ಧ 2009ರಲ್ಲಿ ಮುಗಿದ ಆ ದೇಶದಲ್ಲಿ ಕರಿಹಲಗೆಯ ಮೇಲೆ ಈ ಮೂರು ಸಾಲುಗಳು ಒಂದರ ಕೆಳಗೊಂದು ನಿಂತದ್ದನ್ನು ಕಂಡು ನನಗೆ ಮಾತು ಹೊರಡಲಿಲ್ಲ.

ಖಾಲಿ ಬೆಂಚು

ಕಿಟಕಿಯ ಬದಿಯ ಬೆಂಚಿನಲ್ಲಿ ಒಂದು ಜಾಗ ಖಾಲಿ ಇತ್ತು. ಒಂದೂವರೆಗೆ ಶಾಲೆ ಬಿಟ್ಟಿತು. “ಮನೆಗೆ ಹೋಗುವ ಮೊದಲು ಒಂದು ಕಡೆ ಹೋಗಬೇಕು ಸರ್. ಒಂಬತ್ತು ದಿನದಿಂದ ಒಂದು ಹುಡುಗಿ ಬಂದಿಲ್ಲ” ಎಂದು ಟೀಚರ್ ಚಹದ ಗಿಡಗಳ ನಡುವಿನ ಕಾಲುದಾರಿ ಹಿಡಿದರು.

ಸಾಲುಮನೆಗಳನ್ನು ಅಲ್ಲಿ ‘ಲಯಂ’ ಎನ್ನುತ್ತಾರೆ. ಇಂಗ್ಲಿಷಿನ ‘ಲೈನ್’ ಎಂಬುದೇ ಹೀಗಾಯಿತೆಂದು ಹೇಳುವರು. ನನಗೆ ಮಾತ್ರ ಕುದುರೆ ಕಟ್ಟುವ ನಮ್ಮ ‘ಲಾಯ’ ನೆನಪಾಯಿತು. ಒಂದೇ ಮಾಡಿನ ಕೆಳಗೆ ಹತ್ತೋ ಹನ್ನೆರಡೋ ಸಂಸಾರ. ಒಂದೊಂದಕ್ಕೆ ಒಂದು ಕೋಣೆ, ಮುಂದೆ ಕಿರಿದಾದ ಜಗಲಿ. ಕೋಣೆಗೆ ‘ಕಾಂಬರಾ’ ಎಂಬ ಹೆಸರು. ಇದು ಪೋರ್ಚುಗೀಸರು ಬಿಟ್ಟುಹೋದ ಶಬ್ದ. ನೂರು ವರ್ಷದ ಹಿಂದಿನ ಗೋಡೆ, ಹೊಗೆ ಹಿಡಿದ ಮಾಡು, ಮೊಳೆಯ ತೂತುಗಳಲ್ಲಿ ಇಳಿಯುವ ಮಳೆಗೆ ಅಲ್ಲಲ್ಲಿ ಇಟ್ಟ ಪಾತ್ರೆಗಳು.

ಆ ಹುಡುಗಿ ಜಗಲಿಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಹತ್ತು ವರ್ಷದವಳಿರಬೇಕು. ಟೀಚರನ್ನು ಕಂಡೊಡನೆ ಎದ್ದು ನಿಂತಳು. ಮಡಿಲಲ್ಲಿದ್ದ ಮೂರು ವರ್ಷದ ತಮ್ಮ ಲಂಗವನ್ನು ಹಿಡಿದುಕೊಂಡ. ತಾಯಿ ಕೊಲ್ಲಿಯ ದೇಶವೊಂದಕ್ಕೆ ಮನೆಗೆಲಸಕ್ಕೆ ಹೋಗಿದ್ದಾಳೆ. ತಂದೆ ಕೊಲಂಬೋವಿನಲ್ಲಿ ಅಂಗಡಿಯ ಆಳು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ ಮಳೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡು ಒಳಗೆ ಮಲಗಿದ್ದಾಳೆ. 2022ರ ಆರ್ಥಿಕ ಕುಸಿತದ ಬಳಿಕ ಇಂತಹ ಮನೆಗಳು ಹೆಚ್ಚಾದುವೆಂದು ಟೀಚರ್ ಹೇಳಿದರು. ಆ ವರ್ಷ ಕೊಲಂಬೋವಿನ ಸುತ್ತಿನ ಶಾಲೆಗಳಲ್ಲೇ ಕಾಗದವಿಲ್ಲದೆ ಪರೀಕ್ಷೆಗಳನ್ನು ಮುಂದೂಡಿದ್ದರೆಂದರೆ ಬೆಟ್ಟದ ಪಾಡನ್ನು ಊಹಿಸಬಹುದು.

ಒಳಗಿನ ಕತ್ತಲೆಯಿಂದ ಮುದುಕಿ ಮಾತಾಡಿದಳು: “ಒಂದು ತಿಂಗಳು ಬಿಡಿ ಟೀಚರ್. ನಾನು ಏಳುತ್ತೇನೆ, ಇವಳು ಬರುತ್ತಾಳೆ.”

“ಒಂದು ತಿಂಗಳೆಂದು ಬಿಟ್ಟ ಮಕ್ಕಳು ಯಾರೂ ತಿರುಗಿ ಬಂದಿಲ್ಲ ಪಾಟಿ. ಸೆಪ್ಟೆಂಬರಿನಲ್ಲಿ ಪರೀಕ್ಷೆ. ಇವಳು ನನ್ನ ತರಗತಿಯಲ್ಲಿ ಎರಡನೆಯವಳು.”

“ನೀರು ಕೊಡುವವರು ಯಾರು? ಈ ಚಿಕ್ಕವನನ್ನು ಹಿಡಿಯುವವರು ಯಾರು?”

ಈ ಪ್ರಶ್ನೆಗೆ ಟೀಚರ ಬಳಿ ಉತ್ತರವಿರಲಿಲ್ಲ. ಹುಡುಗಿ ಒಂದು ಮಾತೂ ಆಡದೆ ಅಕ್ಕಿಯ ಮೊರವನ್ನು ನೋಡುತ್ತಿದ್ದಳು. ಟೀಚರ್ ಚೀಲದಿಂದ ಒಂಬತ್ತು ದಿನದ ಪಾಠದ ಹಾಳೆಗಳನ್ನು ತೆಗೆದು ಅವಳ ಕೈಗಿತ್ತರು. ನಾವು ಹೊರಟೆವು.

ಏಳು ಪರ್ಚಸ್ ನೆಲ

ಟೀಚರ ಮನೆ ಲಯದಲ್ಲಿಲ್ಲ. ಭಾರತ ಸರ್ಕಾರದ ನೆರವಿನಿಂದ ಬೆಟ್ಟನಾಡಿನಲ್ಲಿ ಕಟ್ಟಿದ ಸಾವಿರಾರು ಮನೆಗಳಲ್ಲಿ ಅದೂ ಒಂದು. ಎರಡು ಕೋಣೆ, ನಡುಮನೆ, ಅಡಿಗೆಮನೆ. ಸುತ್ತ ಏಳು ಪರ್ಚಸ್ ನೆಲ. ನಮ್ಮ ಲೆಕ್ಕದಲ್ಲಿ ನಾಲ್ಕು ಸೆಂಟ್ಸಿಗೆ ತುಸು ಹೆಚ್ಚು. ಅಂಗಳದಲ್ಲಿ ಬೀನ್ಸ್ ಬಳ್ಳಿ, ಒಂದು ಗುಲಾಬಿ ಗಿಡ. ಇದರಲ್ಲೊಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಭಾರತಕ್ಕೆ ಬಂದ ಅಕ್ಕ ಇಂದಿಗೂ ಇರುವುದು ನಿಗಮದ ವಸತಿಗೃಹದಲ್ಲಿ. ಸಿಲೋನಿನಲ್ಲಿ ಉಳಿದ ತಂಗಿಗೆ ಭಾರತ ಸ್ವಂತ ಮನೆ ಕಟ್ಟಿಸಿಕೊಟ್ಟಿತು.

ಟೀಚರ ತಾಯಿ ಬಾಗಿಲಲ್ಲೇ ಇದ್ದರು. “ವಾ ತಂಬಿ” ಎಂದು ಕರೆದರು. ಹಪ್ಪಳದ ಕಟ್ಟನ್ನು ಕೈಯಲ್ಲಿಟ್ಟಾಗ ಬಿಚ್ಚಲಿಲ್ಲ. ಮೂಗಿನ ಹತ್ತಿರ ಹಿಡಿದು, “ಹಲಸು. ಅಕ್ಕ ಒಣಗಿಸಿದ್ದೋ?” ಎಂದು ಕೇಳಿದರು. ಅಕ್ಕನೇ ತಟ್ಟಿ, ಅಕ್ಕನೇ ಒಣಗಿಸಿದ್ದೆಂದೆ. ಅದನ್ನು ದೇವರ ಪಟದ ಮುಂದೆ ಇಟ್ಟು ಒಳಗೆ ಹೋದರು.

ಊಟಕ್ಕೆ ಗೋಧಿ ಹಿಟ್ಟಿಗೆ ತೆಂಗಿನತುರಿ ಕಲಸಿ ಕಾಯಿಸಿದ ದಪ್ಪ ರೊಟ್ಟಿ, ಒಣಮೆಣಸು ಈರುಳ್ಳಿ ಅರೆದ ಸಂಬಲ್. ಬಳಿಕ ‘ತೇತ್ತಣ್ಣಿ’ ಎಂದರೆ ಹಾಲಿಲ್ಲದ ಚಹ. ಪ್ರಪಂಚಕ್ಕೆಲ್ಲ ಚಹ ಕಳುಹಿಸುವ ಬೆಟ್ಟದಲ್ಲಿ ಕುಡಿಯುವುದು ಪುಡಿಚಹ. ಒಳ್ಳೆಯ ಎಲೆ ಹಡಗು ಹತ್ತುತ್ತದೆ. ತಾಯಿ ಹದಿನಾಲ್ಕನೆಯ ವಯಸ್ಸಿನಿಂದ ನಲವತ್ತೈದು ವರ್ಷ ಚಿಗುರು ಕಿತ್ತವರು. ಎಡಗೈಯ ಬೆರಳುಗಳು ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ. ಕೂಲಿಯ ಮಾತು ಬಂತು. 2021ರಿಂದ ದಿನಕ್ಕೆ ಸಾವಿರ ರೂಪಾಯಿ. ನಮ್ಮ ಹಣದಲ್ಲಿ ಆಗ ಮುನ್ನೂರಕ್ಕೂ ಕಡಿಮೆ. ಆ ಮೇ ತಿಂಗಳಲ್ಲೇ ಸರ್ಕಾರ 1,700 ಎಂದು ಘೋಷಿಸಿತ್ತು. ಕಂಪನಿಗಳು ಒಪ್ಪದೆ ಹೋಗಿ, ಕೊನೆಗೆ ಸೆಪ್ಟೆಂಬರಿನಲ್ಲಿ 1,350ಕ್ಕೆ ನಿಂತಿತು.

“ನಮ್ಮ ಕಾಲದಲ್ಲಿ ಕೂಲಿ ಕೇಳುವುದಕ್ಕೂ ದೊರೆಯ ಮುಂದೆ ನಿಂತೇ ಇರಬೇಕಿತ್ತು ತಂಬಿ. ಕಚೇರಿಯಲ್ಲಿ ಕುರ್ಚಿ ಖಾಲಿ ಇದ್ದರೂ ಕುಳಿತುಕೊಳ್ಳುವಂತಿರಲಿಲ್ಲ” ಎಂದರು. ಅವರ ಕೈಗೆ ಪೌರತ್ವದ ಕಾಗದ ಬಂದಾಗ ಟೀಚರ್ ಇನ್ನೂ ತೊಟ್ಟಿಲಲ್ಲಿದ್ದರಂತೆ. ಉಳಿದವರ ಪಾಡು ಪೂರ್ತಿ ತೀರಲು 2003ರ ಕಾಯಿದೆಯವರೆಗೆ ಕಾಯಬೇಕಾಯಿತು.

ಸಂಜೆ ಟೀಚರ್ ಮಧ್ಯಾಹ್ನದ ಸಂಗತಿಯನ್ನು ತಾಯಿಗೆ ಹೇಳಿದರು. ಮುದುಕಿಯ ಕಾಲು, ಚಿಕ್ಕ ಹುಡುಗ, ಖಾಲಿ ಬೆಂಚು. ತಾಯಿ ಒಲೆಯ ಮುಂದಿನಿಂದ ತಿರುಗದೆಯೇ ಅಂದರು:

“ನಾನಿಲ್ಲವೇ? ಏಳು ಗಂಟೆಗೆ ಹೋಗಿ ಅವಳ ಹತ್ತಿರ ಕುಳಿತಿರುತ್ತೇನೆ. ಶಾಲೆ ಬಿಟ್ಟ ಮೇಲೆ ಬರುತ್ತೇನೆ. ಇಲ್ಲಿ ಗೋಡೆ ನೋಡುವ ಬದಲು ಅಲ್ಲಿ ಅವಳನ್ನು ನೋಡುತ್ತೇನೆ.”

“ನಿನ್ನ ಮೊಣಕಾಲಿಗೆ ಆ ದಾರಿ ಆಗುತ್ತದೆಯೇ ಅಮ್ಮಾ?”

“ನಲವತ್ತೈದು ವರ್ಷ ಆಯಿತಲ್ಲ.”

ಮಾತು ಅಲ್ಲಿಗೆ ಮುಗಿಯಿತು. ರಾತ್ರಿ ಮಳೆ ಜೋರಾಯಿತು. ಫೋನಿಗೆ ಸಂಪರ್ಕ ಸಿಗುವುದು ಅಂಗಳದ ತುದಿಯಲ್ಲಿ ಮಾತ್ರ. ಕೊಡೆ ಹಿಡಿದು ನಿಂತು ಸುಳ್ಯಕ್ಕೆ ಕರೆ ಮಾಡಿದೆವು. ಅಲ್ಲಿಯೂ ಮಳೆ ಬೀಳುತ್ತಿತ್ತು. ಪರದೆಯ ಮೇಲೆ ಅಕ್ಕನ ಮುಖ ನಿಂತು ನಿಂತು ಬಂತು. ಇಬ್ಬರೂ ಹೆಚ್ಚೇನೂ ಮಾತಾಡಲಿಲ್ಲ. ಇಲ್ಲಿ ಎಷ್ಟು ಮಳೆ, ಅಲ್ಲಿ ಎಷ್ಟು ಮಳೆ, ಮೊಣಕಾಲಿಗೆ ಯಾವ ಎಣ್ಣೆ, ಇಷ್ಟೇ.

ಮರುದಿನ ಬೆಳಿಗ್ಗೆ

ಏಳು ಗಂಟೆಗೆ ಮುಂಚೆಯೇ ತಾಯಿ ಹೊರಟುಹೋಗಿದ್ದರು. ಟೀಚರೊಡನೆ ನಾನೂ ಶಾಲೆಯವರೆಗೆ ನಡೆದೆ. ಅಲ್ಲಿಂದಲೇ ಬಸ್ಸು ಹಿಡಿಯಬೇಕು. ಗಂಟೆ ಬಾರಿಸಿತು, ಮಕ್ಕಳು ಸಾಲು ನಿಂತರು. ಟೀಚರ್ ಮತ್ತೆ ಮತ್ತೆ ಕಾಲುದಾರಿಯ ಕಡೆ ನೋಡುತ್ತಿದ್ದರು. ಯಾರೂ ಬರಲಿಲ್ಲ. ಹಾಡು ಮುಗಿಯಿತು. ಸಾಲು ಒಳಗೆ ಹೋಗತೊಡಗಿದಾಗ ಚಹದ ಗಿಡಗಳ ಮೇಲೆ ಮೊದಲು ಒಂದು ಪುಟ್ಟ ತಲೆ ಕಂಡಿತು. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹುಡುಗಿ ಓಡಿ ಬರುತ್ತಿದ್ದಳು. ಬಿಳಿಯ ಸಮವಸ್ತ್ರ ಇಸ್ತ್ರಿಯಿಲ್ಲದೆ ಮುದುಡಿತ್ತು. ಎರಡು ಜಡೆಗಳಲ್ಲಿ ಒಂದಕ್ಕೆ ಮಾತ್ರ ರಿಬ್ಬನ್. ಟೀಚರ್ ಏನೂ ಕೇಳಲಿಲ್ಲ. ಚಿಕ್ಕವನನ್ನು ಎತ್ತಿಕೊಂಡು ಒಂದನೆಯ ತರಗತಿಯ ಮುಂದಿನ ಸಾಲಿನಲ್ಲಿ ಕೂರಿಸಿ, ಅವನ ಕೈಗೊಂದು ಬಣ್ಣದ ಬಳಪ ಕೊಟ್ಟರು. ಹುಡುಗಿ ಕಿಟಕಿಯ ಬದಿಯ ತನ್ನ ಜಾಗಕ್ಕೆ ಹೋದಳು.

ಅವಳು ಸೆಪ್ಟೆಂಬರಿನಲ್ಲಿ ಪರೀಕ್ಷೆ ಬರೆದಳೆಂದು ಟೀಚರ್ ಅನಂತರ ತಿಳಿಸಿದರು. ಏಣಿಯ ಮೇಲಿನ ಮೆಟ್ಟಿಲಿಗೆ ಬೇಕಾದಷ್ಟು ಅಂಕ ಬರಲಿಲ್ಲ. ಅದೇ ಶಾಲೆಯಲ್ಲಿ ಆರನೆಯ ತರಗತಿಗೆ ಹೋದಳು. ಶಾಲೆ ಬಿಡಲಿಲ್ಲ. ಆ ಲಯದಲ್ಲಿ ಅದು ಸಣ್ಣ ಗೆಲವಲ್ಲ.

ಊರಿಗೆ ಬಂದ ಮರುವಾರ ರಬ್ಬರ್ ತೋಟದ ಅಜ್ಜಿಯನ್ನು ಕಂಡು, ತಂಗಿ ಕೊಟ್ಟ ಚಹದ ಪೊಟ್ಟಣವನ್ನು ಒಪ್ಪಿಸಿದೆ. ಮನೆ ಹೇಗುಂಟು, ತಂಗಿ ಹೇಗಿದ್ದಾಳೆ ಎಂದು ಕೇಳಲಿಲ್ಲ. ಅದೆಲ್ಲ ಫೋನಿನಲ್ಲಿ ಕಾಣುತ್ತದೆ. ಅವರಿಗೆ ತಿಳಿಯಬೇಕಾಗಿದ್ದುದು ಬೇರೆ.

“ನಮ್ಮ ಹುಡುಗಿಗೆ ಶಾಲೆಯಲ್ಲಿ ಕೂತುಕೊಳ್ಳಲು ಕುರ್ಚಿ ಉಂಟಾ ಸರ್?”

“ಉಂಟು ಅಜ್ಜಿ, ದೊಡ್ಡ ಕುರ್ಚಿಯೇ ಉಂಟು. ಆದರೆ ಕೂತುಕೊಳ್ಳಲು ಮಕ್ಕಳು ಬಿಡಬೇಕಲ್ಲ!”

ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದು ಬಹಳ ಹೊತ್ತು ನಕ್ಕರು. ಆಮೇಲೆ ಮೊಮ್ಮಗಳನ್ನು ಕರೆದು, ಆ ಚಹದ ಪೊಟ್ಟಣವನ್ನೊಡೆದು ನೀರಿಡಲು ಹೇಳಿದರು.